ಐದು ವರ್ಷದ ಮುಂದಿನ ಬುಧವಾರ

(ಬಾಗಲಕೋಟೆಯ ನವನಗರದಲ್ಲಿ ಮಹಾನವಮಿಗೆ ಮುಂಚೆ, ಮನೆಗಳ ನಕ್ಷೆ ಹಾಕಿಕೊಡುವ ಎಂಜಿನಿಯರ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ಇನ್ನೇನು ಘಟಸ್ಥಾಪನೆ ಬಂತು. ಈ ವಾರ ನಮ್ಮ ಯಾವ ಓಣಿಗೆ ಹೋದರೂ ಒಂದೇ ನೋಟ. ಮಾಳಿಗೆ ಮೇಲೆ ಗಾದಿ, ಕಟ್ಟೆ ಮೇಲೆ ಕೌದಿ, ಅಂಗಳದಲ್ಲಿ ಹಿತ್ತಾಳೆ ಕೊಡ, ತಾಮ್ರದ ಹಂಡೆ. ಅಟ್ಟದ ಮೇಲಿನ ಟ್ರಂಕು ಕೂಡ ವರ್ಷಕ್ಕೊಮ್ಮೆ ಬಿಸಿಲು ಕಾಣುತ್ತದೆ. ಎಲ್ಲ ಒಗೆಯುತ್ತೇವೆ, ಝಾಡಿಸುತ್ತೇವೆ, ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇವೆ. ಸಂಜೆ ಏನು ಮಾಡುತ್ತೇವೆ ಹೇಳಿ? ಎಲ್ಲವನ್ನೂ ಇದ್ದಲ್ಲೇ ಇಡುತ್ತೇವೆ. ಕೆಲಸಕ್ಕೆ ಬಾರದ ಸಾಮಾನನ್ನು ಇಷ್ಟು ಸ್ವಚ್ಛವಾಗಿ ಇಟ್ಟುಕೊಳ್ಳುವ ಜನ ಬೇರೆ ಎಲ್ಲೂ ಸಿಗಲಿಕ್ಕಿಲ್ಲ!

ಯಾಕೆ ಹೀಗಾಗುತ್ತದೆ? ಒಂದೊಂದು ವಸ್ತು ಕೈಗೆ ಬಂದಾಗ ನಾವು ಕೇಳುವ ಪ್ರಶ್ನೆ ಎರಡೇ. ಇದು ಕೆಟ್ಟಿದೆಯಾ? ಮುಂದೆ ಬೇಕಾಗಬಹುದಾ? ಕೆಟ್ಟಿಲ್ಲ. ಬೇಕಾಗಬಹುದು. ಹತ್ತರಲ್ಲಿ ಒಂಬತ್ತಕ್ಕೆ ಇದೇ ಉತ್ತರ. ಪ್ರಶ್ನೆ ಕೇಳುವ ಮೊದಲೇ ಉತ್ತರ ಸಿದ್ಧ ಇದ್ದರೆ ಆ ಪ್ರಶ್ನೆಯಿಂದ ಏನು ಉಪಯೋಗ?

ಇನ್ನೊಂದು ತೊಡಕೂ ಇದೆ. ವಸ್ತು ಒಮ್ಮೆ ನಮ್ಮದಾಯಿತು ಅಂದರೆ ನಮ್ಮ ಕಣ್ಣಲ್ಲಿ ಅದರ ಬೆಲೆ ಏರುತ್ತದೆ. ಡೇನಿಯಲ್ ಕಾನಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು ಸಂಶೋಧಕರು 1990ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಕುಡಿಯುವ ಮಗ್ ಕೊಟ್ಟರು. ಉಳಿದವರಿಗೆ ಕೊಡಲಿಲ್ಲ. ಆಮೇಲೆ ಮಾರಾಟಕ್ಕೆ ಬಿಟ್ಟರು. ಮಗ್ ಸಿಕ್ಕವರು ಹೇಳಿದ ಬೆಲೆ, ಕೊಳ್ಳುವವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡು ಪಟ್ಟು. ಆಗಷ್ಟೇ ಕೈಗೆ ಬಂದ ಮಗ್‌ಗೇ ಹೀಗೆ. ನಲವತ್ತು ವರ್ಷದಿಂದ ಮನೆಯಲ್ಲಿರುವ ಹಂಡೆಯ ಗತಿ ನೀವೇ ಯೋಚಿಸಿ.

ಅದಕ್ಕೇ ನಾನು ಸಾಮಾನಿನಿಂದ ಶುರು ಮಾಡಬೇಡಿ ಎನ್ನುತ್ತೇನೆ. ಅಟ್ಟ ಹತ್ತಬೇಡಿ. ಕಪಾಟು ತೆರೆಯಬೇಡಿ. ಮೊದಲು ಕೂತು ಒಂದು ಹಾಳೆ ಬರೆಯಿರಿ. ಐದು ವರ್ಷದ ಮುಂದೆ, ಒಂದು ಬುಧವಾರ, ನೀವು ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡುತ್ತಿರಬೇಕು ಅಂತ ನಿಮಗೆ ಆಸೆ? ಅಷ್ಟೇ.

ಬುಧವಾರವೇ ಯಾಕೆ ಅಂದರೆ, ಸೋಮವಾರ ಈಶ್ವರನ ವಾರ. ಮಂಗಳವಾರ, ಶುಕ್ರವಾರ ದೇವಿಯವು. ಶನಿವಾರ ಹನುಮಪ್ಪನದು. ರವಿವಾರ ಬೀಗರದು. ಬುಧವಾರದ ಮೇಲೆ ಯಾರದೂ ಅಂಥ ಹಕ್ಕಿಲ್ಲ. ಅಂಥ ಬರಿದಾದ ದಿನ ಬೇಕು ನಮಗೆ. ಮುಂದಿನ ದಿನ ನೆನೆಸಿಕೊಳ್ಳಿ ಅಂದರೆ ಜನರ ತಲೆಯಲ್ಲಿ ಮೊದಲು ಬರುವುದು ಮದುವೆ, ಜಾತ್ರೆ, ದೀಪಾವಳಿ. ನಮ್ಮ ಮನೆಗಳು ತುಂಬಿರುವುದೂ ಆ ದಿನಗಳಿಗಾಗಿಯೇ. ಇಪ್ಪತ್ತು ಜನಕ್ಕಾಗುವಷ್ಟು ಗಾದಿ, ಐವತ್ತು ತಟ್ಟೆ, ದೊಡ್ಡ ಬೋಗುಣಿ. ವರ್ಷದಲ್ಲಿ ನಾಲ್ಕು ದಿನದ ಸಾಮಾನಿಗೆ ಮೂರು ನೂರ ಅರವತ್ತು ದಿನ ಜಾಗ ಕೊಟ್ಟು, ನಾವು ಸಂದಿಯಲ್ಲಿ ಓಡಾಡುತ್ತೇವೆ.

ಈ ಹಾಳೆ ನನ್ನ ಕೆಲಸದಿಂದ ಬಂದದ್ದು. ನಕ್ಷೆ ಹಾಕಿಸಲು ಬರುವವರಲ್ಲಿ ಹೆಚ್ಚಿನವರ ಮೊದಲ ಮಾತೇ ಇದು: "ಸರ, ಸ್ಟೋರ್ ರೂಮ್ ಒಂದ ಬೇಕ್ರಿ. ಸಾಮಾನು ಭಾಳ ಅದಾವ." ನಾನು ಲೆಕ್ಕ ತೋರಿಸುತ್ತೇನೆ. ಹತ್ತು ಬೈ ಹತ್ತರ ಕೋಣೆ ಅಂದರೆ ನೂರು ಚದರ ಅಡಿ. ಕಟ್ಟುವ ಖರ್ಚು ಅಡಿಗೆ ಎರಡು ಸಾವಿರ ರೂಪಾಯಿ ಅಂತ ಹಿಡಿದರೂ ಎರಡು ಲಕ್ಷ. ಜಾಗದ ಬೆಲೆ ಬೇರೆ. ಒಳಗಿಡುವ ಸಾಮಾನನ್ನು ಮೋಡಕಾದವರಿಗೆ, ಅಂದರೆ ಗುಜರಿಯವರಿಗೆ, ತೂಗಿಸಿದರೆ ಎಷ್ಟು ಬರುತ್ತದೆ ಅಂತ ಕೇಳಿದರೆ ಕೆಲವರು ನಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ. ಲೆಕ್ಕದಿಂದ ಯಾರೂ ಬದಲಾಗುವುದಿಲ್ಲ, ಅದು ನನಗೆ ಗೊತ್ತು. ಹಾಳೆಯಿಂದ ಬದಲಾಗುತ್ತಾರೆ.

ಒಬ್ಬ ಮಾಸ್ತರು ಬಂದಿದ್ದರು, ಅವರ ಹೆಂಡತಿಯೂ ಜೊತೆಗಿದ್ದರು. ನಿವೃತ್ತಿ ಹತ್ತಿರ ಇತ್ತು. ಮಗ ಪುಣೆಯಲ್ಲಿ, ಮಗಳು ಬೆಂಗಳೂರಿನಲ್ಲಿ. ಮೂವತ್ತು ನಲವತ್ತರ ಸೈಟು. ಕೆಳಗೆ ಎರಡು ಬೆಡ್‌ರೂಮು, ಮೇಲೆ ಎರಡು, ಜೊತೆಗೆ ಸ್ಟೋರ್. ಮೇಲಿನವು ಯಾರಿಗೆ ಅಂದೆ. "ಮಕ್ಕಳು ಬರ್ತಾರಲ್ರಿ." ಬರುತ್ತಾರೆ, ನಿಜ. ದೀಪಾವಳಿಗೆ ನಾಲ್ಕು ದಿನ, ಮೇ ತಿಂಗಳಲ್ಲಿ ಒಂದು ವಾರ. ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಒಬ್ಬರದು ಒಬ್ಬರು ನೋಡದೆ ಬರೆಯಿರಿ ಅಂದೆ.

ಮಾಸ್ತರು ಚೆಂದ ಬರೆದರು. ಬೆಳಗ್ಗೆ ವಾಕಿಂಗ್, ಚಹಾ, ಪೇಪರ್. ಸಂಜೆ ಓಣಿಯ ನಾಲ್ಕೈದು ಹುಡುಗರಿಗೆ ಗಣಿತ. ರಾತ್ರಿ ಬಿಸಿ ರೊಟ್ಟಿ, ಪಲ್ಯ. ಅವರ ಹೆಂಡತಿಯ ಹಾಳೆಯ ಮೊದಲ ಸಾಲು, "ಮೆಟ್ಟಿಲು ಹತ್ತುವುದಿಲ್ಲ." ಮಂಡಿ ನೋವು ಆಗಲೇ ಶುರುವಾಗಿತ್ತು. ಆಮೇಲೆ ಮಧ್ಯಾಹ್ನ ಕಿಟಕಿ ಹತ್ತಿರ ಹೊಲಿಗೆ. ಸಂಜೆ ಕಟ್ಟೆ ಮೇಲೆ ಗೆಳತಿಯರ ಜೊತೆ ಮಾತು. ರಾತ್ರಿಯ ರೊಟ್ಟಿ ಅವರ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. (ಸಭೆಯಲ್ಲಿ ನಗು.) ನೀವು ನಗುತ್ತೀರಿ, ಮಾಸ್ತರು ನಗಲಿಲ್ಲ. ಎರಡೂ ಹಾಳೆ ಪಕ್ಕ ಪಕ್ಕ ಇಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, "ಬೆಳಿಗ್ಗಿನ ರೊಟ್ಟಿ ರಾತ್ರಿಗೂ ನಡೀತದ, ಬಿಡ್ರಿ" ಅಂದರು.

ಈಗ ಸಾಮಾನಿಗೆ ಬರೋಣ. ಆ ತಾಯಿಗೆ ಹೊಲಿಗೆ ಮಷಿನ್ ಬೇಕು. ಮಷಿನ್ ಎಲ್ಲಿದೆ ಅಂದೆ. ಇದೆ, ಆದರೆ ಹಳೇ ಕಾಟು (ಮಂಚ), ಜೋಳದ ಚೀಲ, ಮಗನ ಪಿಯುಸಿ ಪುಸ್ತಕದ ಗಂಟು, ಇವೆಲ್ಲದರ ಹಿಂದೆ. ಮುಂದೆ ಇದ್ದದ್ದನ್ನೆಲ್ಲ ಸರಿಸಿ ಮಷಿನ್ ಹೊರಗೆ ತರುವುದು ಒಬ್ಬರ ಕೈಲಿ ಆಗುವ ಕೆಲಸ ಅಲ್ಲ. ಹೀಗಾಗಿ ಹೊಲಿಗೆ ಬಿಟ್ಟುಹೋಗಿತ್ತು. ಮಾಸ್ತರಿಗೆ ಬೇಕಾದದ್ದು ಒಂದು ಕರಿಹಲಗೆ, ಎರಡು ಬೆಂಚು. ಅವು ಮನೆಯಲ್ಲಿ ಇರಲೇ ಇಲ್ಲ. ಪಡಸಾಲೆಯಲ್ಲಿ ಗೋಡೆ ತುಂಬ ನಿಂತಿದ್ದ ಷೋಕೇಸ್ ಇಬ್ಬರ ಹಾಳೆಯಲ್ಲೂ ಇರಲಿಲ್ಲ.

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ಮನೆ ಖಾಲಿ ಮಾಡುವುದು ಅಂದರೆ ಏನು ಎಸೆಯಲಿ ಅಂತ ಹುಡುಕುವುದು ಎಂದುಕೊಂಡಿದ್ದೇವೆ. ಅಲ್ಲ. ನಮಗೆ ಬೇಕಾದ ದಿನಕ್ಕೆ ಯಾವುದು ಬೇಕು, ಅದಕ್ಕೆ ಅಡ್ಡ ಏನು ನಿಂತಿದೆ ಅಂತ ನೋಡುವುದು. ಮಷಿನ್ ಕಿಟಕಿ ಹತ್ತಿರ ಬರಬೇಕು ಅಂದಾಗ ಕಾಟು ತಾನಾಗಿ ಹೊರಗೆ ಹೋಯಿತು. ಯಾರೂ ಅದರ ಬಗ್ಗೆ ಚರ್ಚೆ ಮಾಡಲಿಲ್ಲ. ಅದೇ ಕಾಟು ಹಿಡಿದುಕೊಂಡು, ಇದು ಬೇಕೋ ಬೇಡವೋ ಅಂತ ಕೇಳಿದ್ದರೆ, ತೇಗದ ಕಟ್ಟಿಗೆ, ಅಪ್ಪ ಮಾಡಿಸಿದ್ದು, ಈಗ ಇಂಥದ್ದು ಸಿಗುತ್ತದಾ ಅಂತ ಮೂರು ದಿನ ಹೋಗುತ್ತಿತ್ತು. ಮೇಲಿನ ಎರಡು ಕೋಣೆಯಲ್ಲಿ ಒಂದು ಉಳಿಯಿತು. ಸ್ಟೋರ್ ಹೋಗಿ ಅಲ್ಲಿ ಕಟ್ಟೆ ಬಂತು.

ನಿಮಗೆ ಈಗ ಒಂದು ಅನುಮಾನ ಬರಬೇಕು. ಮುಂದೆ ಬೇಕಾಗುತ್ತದೆ ಅನ್ನುವುದೂ ಭವಿಷ್ಯದ ಮಾತೇ ಅಲ್ವಾ? ಹೌದು. ಮನೆಯನ್ನು ತುಂಬುವುದೂ ಭವಿಷ್ಯವೇ. ಬಟ್ಟೆ ಒಣಗಿಸುವ ಟ್ರೆಡ್‌ಮಿಲ್ ನೋಡಿದ್ದೀರಲ್ಲ? ಅದು ತೆಳ್ಳಗಾಗುವ ಭವಿಷ್ಯ. ಮೂಲೆಯ ಹಾರ್ಮೋನಿಯಂ, ಹಾಡು ಕಲಿಯುವ ಭವಿಷ್ಯ. ಕೆಎಎಸ್ ಪರೀಕ್ಷೆಯ ಗೈಡುಗಳ ರಾಶಿ, ಅಧಿಕಾರಿಯಾಗುವ ಭವಿಷ್ಯ. ಕನಸಿಗೆ ಹೊತ್ತು ಗೊತ್ತಿಲ್ಲ. ಬುಧವಾರಕ್ಕೆ ಹೊತ್ತು ಇದೆ. ಹಾರ್ಮೋನಿಯಂ ಇಟ್ಟುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಹಾಳೆಯಲ್ಲಿ ಅದು ಎಷ್ಟು ಗಂಟೆಗೆ ಬರುತ್ತದೆ? ಆ ಹೊತ್ತಿಗೆ ಈಗ ಏನು ಮಾಡುತ್ತಿದ್ದೀರಿ? ಧಾರಾವಾಹಿ ನೋಡುತ್ತಿದ್ದರೆ ಅದನ್ನು ಬಿಡುತ್ತೀರಾ? ಬಿಡುತ್ತೇನೆ ಅಂದರೆ ಹಾರ್ಮೋನಿಯಂ ಪಡಸಾಲೆಗೆ ಬರಲಿ, ಮೇಲಿನ ಬಟ್ಟೆ ತೆಗೆಯಿರಿ. ಇಲ್ಲ ಅಂದರೆ ಕಲಿಯುವ ಹುಡುಗರಿಗೆ ಕೊಡಿ.

ಕೌದಿಯದೂ ಇದೇ ಕಥೆ. ನಮ್ಮ ಕಡೆ ಹಳೇ ಸೀರೆ, ಧೋತರ ಎಸೆಯುವುದಿಲ್ಲ, ಕೌದಿಗೆ ಇಡುತ್ತೇವೆ. ಒಳ್ಳೆಯ ರೂಢಿ. ಹಿಂದೆ ಮನೆಯಲ್ಲಿ ಹೊಲಿಯುವ ಕೈಗಳಿದ್ದವು, ಬೇಸಿಗೆಯಲ್ಲಿ ಕೌದಿ ಹೊಲಿಯುವವರು ಓಣಿಗೂ ಬರುತ್ತಿದ್ದರು. ಈಗ ಗಂಟು ಮಾತ್ರ ಬೆಳೆಯುತ್ತಿದೆ. ನಿಮ್ಮ ಬುಧವಾರದಲ್ಲಿ ಕೌದಿ ಹೊಲಿಯುವ ಹೊತ್ತು ಇದ್ದರೆ ಗಂಟು ಇರಲಿ. ಇಲ್ಲವಾದರೆ ಈ ವರ್ಷವೇ ಹೊಲಿಯುವವರನ್ನು ಹುಡುಕಿ, ದುಡ್ಡು ಕೊಟ್ಟು ಹೊಲಿಸಿ. ಉಳಿದದ್ದು ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರಿಗೆ. ಒಂದೇ ಷರತ್ತು, ಅವರಿಂದ ಮತ್ತೆ ಪಾತ್ರೆ ತರಬೇಡಿ!

ಐದು ವರ್ಷದ ಮುಂದಿನ ನಾವು ನಮಗೆ ಬೇರೆ ಯಾರೋ ಎನ್ನಿಸುತ್ತೇವೆ. ಹ್ಯಾಲ್ ಹರ್ಷ್‌ಫೀಲ್ಡ್ ಎಂಬ ಸಂಶೋಧಕ ಮತ್ತು ಅವರ ಜೊತೆಗಾರರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಬಗ್ಗೆಯೇ. ಕಂಪ್ಯೂಟರಿನಲ್ಲಿ ಜನರಿಗೆ ಅವರದೇ ಮುದಿ ಮುಖ ತೋರಿಸಿದರು. ಆ ಮುಖ ನೋಡಿದವರು, ನೋಡದವರಿಗಿಂತ ಹೆಚ್ಚು ಹಣವನ್ನು ನಿವೃತ್ತಿಗೆ ಎತ್ತಿಡಲು ಒಪ್ಪಿದರು. ಮುಂದಿನ ನಾನು ಕಣ್ಣಿಗೆ ಕಂಡರೆ, ಅವನಿಗಾಗಿ ಇವತ್ತು ಏನಾದರೂ ಮಾಡುವ ಮನಸ್ಸು ಬರುತ್ತದೆ. ಆ ತಾಯಿ "ಮೆಟ್ಟಿಲು ಹತ್ತುವುದಿಲ್ಲ" ಅಂತ ಬರೆದಾಗ ಆದದ್ದೂ ಅದೇ. ಅರವತ್ತೈದರ ತನ್ನನ್ನು ಅವರು ಕಂಡರು. ಅಟ್ಟದ ಮೇಲೆ ಏನಿಡಬೇಕು ಅನ್ನುವ ಮಾತು ಅಲ್ಲಿಗೇ ಮುಗಿಯಿತು. ನಿಚ್ಚಣಿಕೆ ಹಾಕಿ ಹತ್ತುವವರು ಯಾರು?

ನಮ್ಮ ಊರಿನವರಿಗೆ ಇದನ್ನೆಲ್ಲ ನಾನು ಹೇಳಬೇಕಾಗಿಯೇ ಇರಲಿಲ್ಲ. ಇಡೀ ಊರೇ ಒಮ್ಮೆ ಈ ಲೆಕ್ಕ ಹಾಕಿದೆ, ಮನಸ್ಸಿಲ್ಲದೆ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಆಮೇಲೆ ಹತ್ತಾರು ವರ್ಷ ನೀರು ಬರುತ್ತದಂತೆ, ಬರುತ್ತದಂತೆ ಅನ್ನುವ ಮಾತಿನಲ್ಲೇ ಹೋದವು. ಕೊನೆಗೆ ನೀರು ಬಂತು. ಘಟಪ್ರಭೆ ದಂಡೆಯ ಓಣಿಗಳನ್ನು ಬಿಟ್ಟು ಜನ ನವನಗರದ ಈ ಸೆಕ್ಟರುಗಳಿಗೆ ಬಂದರು. ಮಣ್ಣಿನ ಮಾಳಿಗೆ ಮನೆ, ದನದ ಅಂಕಣ, ನೆಲದೊಳಗೆ ಜೋಳ ತುಂಬಿಡುವ ಹಗೇವು, ಎಲ್ಲ ಇದ್ದ ಮನೆಯಿಂದ ಅಳತೆ ಹಾಕಿ ಕೊಟ್ಟ ಸೈಟಿಗೆ. ಹಗೇವು ಹೊತ್ತು ತರಲು ಆಗುವುದಿಲ್ಲ. ಬೀಸುಕಲ್ಲು ತರಬಹುದು, ತಂದರು. ಕಂಬ, ತೊಲೆ, ಕೆತ್ತನೆಯ ಬಾಗಿಲು ಬಿಚ್ಚಿ ಟ್ರ್ಯಾಕ್ಟರಿನಲ್ಲಿ ತಂದರು.

ಆ ಬಾಗಿಲುಗಳ ಕಥೆ ಗಮನಿಸಿ. ಕೆಲವರು ಬರುವ ಮೊದಲೇ ಯೋಚಿಸಿದ್ದರು: ಹೊಸ ಮನೆಯ ತಲಬಾಗಿಲಿಗೆ ಇದನ್ನೇ ಕೂರಿಸುತ್ತೇವೆ, ಅಳತೆ ಇಷ್ಟು. ಅವರ ಮನೆಯಲ್ಲಿ ಇವತ್ತಿಗೂ ಆ ಬಾಗಿಲು ದಿನಾ ತೆರೆದು ಮುಚ್ಚುತ್ತದೆ. ಇನ್ನು ಕೆಲವರು, ಆಮೇಲೆ ನೋಡಿದರಾಯಿತು ಅಂತ ತಂದು ಕಂಪೌಂಡಿಗೆ ಆನಿಸಿ ಇಟ್ಟರು. ನಕ್ಷೆ ಹಾಕಲು ಹೋದಾಗ ನೋಡುತ್ತಿರುತ್ತೇನೆ, ಕೆಳಗಿನಿಂದ ಗೆದ್ದಲು ಹತ್ತಿದೆ, ಮೇಲೆ ತಗಡು ಹೊದಿಸಿದೆ. ಬಾಗಿಲಿನ ಮೇಲಿನ ಪ್ರೀತಿ ಎರಡೂ ಮನೆಯಲ್ಲಿ ಅಷ್ಟೇ ಇದೆ. ಅದಕ್ಕೊಂದು ಜಾಗ ಯೋಚಿಸಿದ್ದು ಒಂದು ಮನೆಯವರು ಮಾತ್ರ.

ಕೂಡಲಸಂಗಮಕ್ಕೆ ನೀವೆಲ್ಲ ಹೋಗಿದ್ದೀರಿ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಹಿನ್ನೀರು ಅಲ್ಲಿಗೆ ಬಂದಾಗ ಬಸವಣ್ಣನವರ ಐಕ್ಯ ಮಂಟಪದ ಸುತ್ತ ಬಾವಿಯಂತೆ ದುಂಡಗೆ ಎತ್ತರದ ಗೋಡೆ ಎಬ್ಬಿಸಿದರು. ಸುತ್ತ ನೀರು, ನಡುವೆ ಮೆಟ್ಟಿಲಿಳಿದು ಹೋಗಿ ದರ್ಶನ ಮಾಡುತ್ತೇವೆ. ಎಲ್ಲದಕ್ಕೂ ಅಂಥ ಗೋಡೆ ಕಟ್ಟಲು ಆಗುತ್ತಿತ್ತಾ? ಅಜ್ಜಿಯ ವಸ್ತು ಉಳಿಸಬೇಕು ಅಂದರೆ ಹಾಗೆ ಒಂದನ್ನು ಆರಿಸಿ. ಅವರ ಎಲೆ ಅಡಕೆ ಸಂಚಿ ಸಾಕು. ಅದನ್ನು ದಿನಾ ಕಾಣುವಲ್ಲಿ ಇಡಿ. ಅಜ್ಜಿಯ ನಾಲ್ಕು ಟ್ರಂಕು ಕತ್ತಲೆಯಲ್ಲಿ ಇಟ್ಟು, ನೆನಪು ಉಳಿಸಿದ್ದೇವೆ ಅನ್ನಬೇಡಿ.

ಕಾಗದದ ವಿಷಯದಲ್ಲಿ ಮಾತ್ರ ನನ್ನ ಮಾತು ಉಲ್ಟಾ. ರದ್ದಿಗೆ ಹಾಕುವ ಮೊದಲು ನೂರು ಸಲ ನೋಡಿ. ಮುಳುಗಡೆಯ ನೋಟಿಸು, ಪರಿಹಾರದ ಆದೇಶ, ಹಕ್ಕುಪತ್ರ, ಹೊಲದ ಉತಾರ (ಪಹಣಿ), ಖರೀದಿ ಪತ್ರ, ಕೋರ್ಟಿನ ಕಾಗದ. ಇವು ಬುಧವಾರದ ಹಾಳೆಯಲ್ಲಿ ಬರುವುದಿಲ್ಲ, ಆದರೂ ಇರಲೇಬೇಕು. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವುದು 519.60 ಮೀಟರಿಗೆ. ಕೃಷ್ಣಾ ನದಿಯ ನೀರು ಹಂಚುವ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದೆ. ಎತ್ತರ ಏರಿದರೆ ಇನ್ನಷ್ಟು ಊರು, ಹೊಲ ಹೋಗುತ್ತವೆ. ಆಗ ಇದೇ ಕಾಗದ ಕೇಳುತ್ತಾರೆ. ಒಂದೇ ಫೈಲಿನಲ್ಲಿ ಹಾಕಿ, ಮನೆಯ ಇಬ್ಬರಿಗಾದರೂ ಎಲ್ಲಿದೆ ಅಂತ ಗೊತ್ತಿರಲಿ. ಕರೆಂಟಿನ ಹತ್ತು ವರ್ಷದ ಹಳೇ ಬಿಲ್ಲು, ಮದುವೆ ಆಮಂತ್ರಣದ ಕಟ್ಟು, ಅವಕ್ಕೆ ನನ್ನ ವಕಾಲತ್ತು ಇಲ್ಲ.

ಸೀರೆಯ ಬಗ್ಗೆ ಮಾತಾಡಲು ನನಗೆ ಧೈರ್ಯ ಕಡಿಮೆ. ಆದರೂ ಹೇಳುತ್ತೇನೆ. ಎರಡು ಜಾತಿ ಇವೆ. ಒಂದು ಆಯೇರಿ ಸೀರೆ. ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ, ಯಾರೂ ಉಡುವುದಿಲ್ಲ. ಅದರ ಪ್ಲಾಸ್ಟಿಕ್ ಕೂಡ ಒಡೆದಿರುವುದಿಲ್ಲ. ಕೊಟ್ಟವರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಇಟ್ಟುಕೊಂಡಿದ್ದೀರಿ. ಅವರಿಗೂ ಅದು ಬೇರೆ ಯಾರೋ ಕೊಟ್ಟದ್ದೇ! ಇನ್ನೊಂದು ನಮ್ಮ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ. ಕೈಮಗ್ಗದ್ದಾದರೆ ಸೆರಗಿನ ಎಳೆಯನ್ನೂ ಒಡಲಿನ ಎಳೆಯನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿ ನೇಯ್ದಿರುತ್ತಾರೆ. ಇಂಥದ್ದನ್ನು ಟ್ರಂಕಿನ ತಳದಲ್ಲಿ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟರೆ, ರೇಷ್ಮೆ ಎಳೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಬುಧವಾರ ಉಡುವಂಥದ್ದಾ ಅಂತ ಕೇಳಬೇಡಿ. ಉಡಬಾರದಾ ಅಂತ ನಾನು ಕೇಳುತ್ತೇನೆ. ಯಾವ ದಿನಕ್ಕೆ ಕಾಯುತ್ತಿದ್ದೀರಿ? ಉಡಲು ಆಗದ ಒಂದೆರಡು ಇದ್ದರೆ ಪ್ಲಾಸ್ಟಿಕ್ ತೆಗೆದು, ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ.

ಇಂಥ ಮಾತಿನ ನಡುವೆ ಆಯ್ದಕ್ಕಿ ಲಕ್ಕಮ್ಮನ ಹೆಸರು ಬರಲೇಬೇಕು, ನೀವೂ ಕಾಯುತ್ತಿದ್ದೀರಿ. ಗಂಡ ಮಾರಯ್ಯ ದಿನಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದ ಹೆಣ್ಣುಮಗಳು. ದೊಡ್ಡ ಮಾತು. ಆದರೆ ನಾನು ನಿಮಗೆ ಅಷ್ಟು ದೊಡ್ಡದನ್ನು ಹೇಳುತ್ತಿಲ್ಲ. ವೈರಾಗ್ಯ ನನ್ನ ವಿಷಯ ಅಲ್ಲ. ಬಯಲುಸೀಮೆಯವರು ನಾವು, ಬರ ಕಂಡವರು. ವರ್ಷದ ಜೋಳ ಮನೆಯಲ್ಲಿ ಇಟ್ಟುಕೊಳ್ಳುವವರಿಗೆ ಸಂಗ್ರಹ ತಪ್ಪು ಅಂತ ಹೇಳುವುದು ಸರಿಯಲ್ಲ. ಜೋಳ ಬುಧವಾರದ ತಟ್ಟೆಗೆ ಬರುತ್ತದೆ, ಅದು ಇರಲಿ. ನಾನು ಹೇಳುತ್ತಿರುವುದು ಯಾರ ತಟ್ಟೆಗೂ ಬಾರದ್ದರ ಬಗ್ಗೆ.

ಹೊರಗೆ ಹಾಕುವಾಗ ಒಂದು ಎಚ್ಚರ. ಹಳೇ ಟಿವಿ, ಮೊಬೈಲ್, ಬ್ಯಾಟರಿ, ವೈರು ಮೋಡಕಾದವರಿಗೆ ಕೊಡಬೇಡಿ. ತಾಮ್ರಕ್ಕಾಗಿ ವೈರನ್ನು ಬಯಲಲ್ಲಿ ಸುಡುವವರಿದ್ದಾರೆ, ಆ ಹೊಗೆ ಬಹಳ ಕೆಟ್ಟದ್ದು. ಇ-ತ್ಯಾಜ್ಯದ ಹೊಸ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೋಂದಣಿ ಇರುವ ಮರುಬಳಕೆದಾರರಿಗೇ ಅದು ಹೋಗಬೇಕು. ಹೊಸದು ಕೊಳ್ಳುವಾಗ ಹಳೆಯದನ್ನು ಬದಲಿಗೆ ತೆಗೆದುಕೊಳ್ಳುವ ಅಂಗಡಿ ಇದ್ದರೆ ಅಲ್ಲಿ ಕೊಡಿ.

ಕೊನೆಯಲ್ಲಿ ಒಂದಿಷ್ಟು ಪ್ರಶ್ನೆ ಬಂದವು. ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ಅಕ್ಕ ಕೇಳಿದರು: "ನಮ್ಮ ಅತ್ತಿಯವರು ಒಂದ ಚಮಚ ಸೈತ ತಗೀಗೊಡಂಗಿಲ್ರಿ. ಏನ್ ಮಾಡೂದು?" ತೆಗೆಯಬೇಡಿ ಅಕ್ಕಾರ. ಅವರ ಸಾಮಾನಿಗೆ ಕೈ ಹಾಕುವ ಹಕ್ಕು ನಮಗಿಲ್ಲ. ಮೊದಲು ನಿಮ್ಮ ಕಪಾಟಿನಿಂದ ಶುರು ಮಾಡಿ. ಅವರಿಗೆ ಹಾಳೆ ಕೊಡಬೇಡಿ, ಪಕ್ಕದಲ್ಲಿ ಕೂತು ಮಾತಾಡಿಸಿ. ಆ ದೊಡ್ಡ ಹಂಡೆ ಯಾಕೆ ಬಿಡುತ್ತಿಲ್ಲ ಅಂತ ಕೇಳಿದರೆ, ಮೊಮ್ಮಗಳ ಮದುವೆಗೆ ಕೊಡಬೇಕು ಅನ್ನಬಹುದು. ಹಾಗಿದ್ದರೆ ಮೊಮ್ಮಗಳನ್ನೇ ಕೇಳಿ, ಹಂಡೆಗೆ ಅವಳ ಮನೆಯಲ್ಲಿ ಜಾಗ ಇದೆಯಾ ಅಂತ. ಬೇಕು ಅಂದರೆ ಮದುವೆಗೆ ಕಾಯುವುದು ಯಾಕೆ, ಅತ್ತೆಯವರು ಈಗಲೇ ತಮ್ಮ ಕೈಯಿಂದ ಕೊಡಲಿ. ಬೇಡ ಅಂದರೆ ಅದನ್ನು ನೀವು ಹೇಳಬೇಡಿ, ಮೊಮ್ಮಗಳೇ ಹೇಳಲಿ. ಅವಳ ಮಾತಿಗೆ ಅಜ್ಜಿ ಸಿಟ್ಟಾಗುವುದಿಲ್ಲ.

ಇನ್ನೊಬ್ಬ ಹುಡುಗ, ಬೆಂಗಳೂರಿನಲ್ಲಿ ಕೆಲಸ, ಹಬ್ಬಕ್ಕೆ ಬಂದಿದ್ದ. "ಐದು ವರ್ಷ ಬಿಡ್ರಿ ಸರ, ಮುಂದಿನ ವರ್ಷ ಎಲ್ಲಿರ್ತೀನೋ ಗೊತ್ತಿಲ್ಲ" ಅಂದ. ಹಾಗಿದ್ದರೆ ಎರಡು ಬುಧವಾರ ಬರಿ ತಮ್ಮಾ. ಒಂದು ಅಲ್ಲಿಯದು, ಒಂದು ಇಲ್ಲಿಯದು. ಎರಡರಲ್ಲೂ ಬರುವ ಸಾಮಾನು ನಿನ್ನ ಜೊತೆ ಇರಲಿ. ಇಲ್ಲಿಯ ಬುಧವಾರದಲ್ಲಿ ಮಾತ್ರ ಬರುವುದನ್ನು ಒಂದೇ ಒಂದು ಪೆಟ್ಟಿಗೆಗೆ ಹಾಕಿ, ಮೇಲೆ ಇವತ್ತಿನ ತಾರೀಖು ಬರೆದು, ಅವ್ವನ ಹತ್ತಿರ ಬಿಟ್ಟು ಹೋಗು. ಎರಡು ವರ್ಷ ಆದಮೇಲೂ ಅದನ್ನು ತೆರೆದಿಲ್ಲ ಅಂದರೆ ಏನು ಮಾಡಬೇಕು ಅಂತ ಅವ್ವನಿಗೆ ಈಗಲೇ ಹೇಳಿಟ್ಟಿರು. ಇಲ್ಲದಿದ್ದರೆ ಅವರು ಪ್ರತಿ ಮಹಾನವಮಿಗೂ ಅದನ್ನು ಒರೆಸುತ್ತಾ ಕೂರುತ್ತಾರೆ.